ಕೆಂಪು ವಸ್ತ್ರದ ಪುರಾಣ

ಹಸಿದ ಗೆದ್ದಲೊಂದು ಮಠದ ಗೋಡೆ ಕೊರೆದುಕೊಂಡು ಪೂಜೆಯ ಗೂಡಿನೊಳಗೆ ಬಂತು. ಅಲ್ಲಿ ಕೆಂಪು ವಸ್ತ್ರ ಸುತ್ತಿದ ಓಲೆಗರಿಯ ಪುರಾಣವೊಂದು ಕುಂಕುಮ ಬಳಿಸಿಕೊಂಡು ಕೂತಿತ್ತು.

“ದೂರ ನಿಲ್ಲು!” ಎಂದು ಪುರಾಣ ಗದರಿಸಿತು. “ಊರಿಗೆ ಊರೇ ನನಗೆ ಅಡ್ಡಬೀಳುತ್ತದೆ.”

“ಗೊತ್ತು,” ಎಂದಿತು ಗೆದ್ದಲು. “ಹಿಂದೆ ದಿನವೂ ಯಾರಾದರೂ ನಿನ್ನ ಗರಿ ಮಗುಚಿ ಓದುತ್ತಿದ್ದರು, ಎಣ್ಣೆ ಸವರುತ್ತಿದ್ದರು. ಆಗ ಇತ್ತ ಸುಳಿಯಲು ನಮ್ಮವರಿಗೆ ಧೈರ್ಯವಿರಲಿಲ್ಲ. ಈಗ ನಿನ್ನನ್ನು ಬಿಚ್ಚುವವರು ಯಾರು?”

ಪುರಾಣ ತಡವರಿಸಿತು. “ಮುಟ್ಟಿದರೆ ಅಪಚಾರವೆಂದು ಬಿಚ್ಚುವುದಿಲ್ಲ. ಅದೂ ಭಕ್ತಿಯೇ.”

“ಆ ಭಕ್ತಿಯೇ ನನ್ನನ್ನು ಒಳಗೆ ಬಿಟ್ಟದ್ದು.”

ಪುರಾಣದ ಗದರಿಕೆ ಇಳಿಯಿತು. ಕೊನೆಗೆ, “ತಿನ್ನು. ಆದರೆ ಓದಿಕೊಂಡು ತಿನ್ನು,” ಎಂದಿತು.

“ನಮ್ಮ ಕುಲಕ್ಕೆ ಕಣ್ಣಿಲ್ಲ,” ಎಂದು ಗೆದ್ದಲು ಕೆಲಸಕ್ಕೆ ತೊಡಗಿತು.

ಶ್ರಾವಣದ ಪೂಜೆಯ ಹೊತ್ತಿಗೆ ವಸ್ತ್ರದೊಳಗೆ ಮಣ್ಣಷ್ಟೇ ಉಳಿದಿತ್ತು. ಮಠದ ಅಯ್ಯನವರು ಎಂದಿನಂತೆ ಪುರಾಣದ ಕಟ್ಟಿನ ಮುಂದೆ ಆರತಿ ಎತ್ತಿದರು. ಮುದುಕಿ ನೀಲವ್ವ ಸಾಲಿನಿಂದ ಮುಂದೆ ಬಂದಳು.

“ಅಯ್ಯನೋರ, ನಮ್ಮಜ್ಜ ಇದರಾಗಿನ ಪದ ಹಾಡತಿದ್ದ. ನನಗ ಅರ್ಧ ಮರತೈತಿ. ಬಿಚ್ಚಿ ಒಂದು ಸಾಲು ಓದ್ರಿ.”

“ಬಿಚ್ಚಬಾರದವ್ವಾ. ಕೈಮುಗಿದು ಹೋಗು.”

ನೀಲವ್ವ ಕೈಮುಗಿದಳು. ನೆನಪಿದ್ದ ಅರ್ಧ ಪದವನ್ನೇ ಮತ್ತೆಮತ್ತೆ ಗುನುಗುತ್ತ ಮೆಟ್ಟಿಲಿಳಿದಳು. ಕಟ್ಟಿನೊಳಗೆ ಈಗ ವಸ್ತ್ರವನ್ನು ಕೊರೆಯುತ್ತಿದ್ದ ಗೆದ್ದಲು ಮೊದಲ ಸಲ ಬಾಯಿ ನಿಲ್ಲಿಸಿ ಕೇಳಿಸಿಕೊಂಡಿತು. ಉಳಿದರ್ಧ ಅದರ ಹೊಟ್ಟೆಯಲ್ಲಿತ್ತು.