ಉತ್ತರ ಕೊಡದ ಬಾತುಕೋಳಿಗಳು

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ. ಕೆರೆಗಳಿಗೆ ಆಗಷ್ಟೇ ನೀರು ಬಂದಿತ್ತು. ಬಾತುಕೋಳಿಗಳಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿರಲಿಲ್ಲ. ತಮ್ಮಂಥವರು ನೀರಿನ ಮೇಲೆ ಕಂಡರೆ ಸಾಕು, ಆಕಾಶದಿಂದ ಸೀದಾ ಇಳಿದುಬಿಡುತ್ತಿದ್ದವು.

ಕೆರೆಯ ದಂಡೆಯಲ್ಲಿ ಮಾಚವ್ವ ಎಂಬ ಹೆಂಗಸಿದ್ದಳು. ಬೂರುಗದ ಮರದ ತುಂಡು ಅವಳ ಕೈಗೆ ಸಿಕ್ಕರೆ ಹಕ್ಕಿಯಾಗುತ್ತಿತ್ತು. ಉಳಿಯಿಂದ ಕೆತ್ತಿ, ಮರಳಿನಿಂದ ತಿಕ್ಕಿ, ಕೆಮ್ಮಣ್ಣು, ಮಸಿ, ಅರಿಶಿನ ಬಳಿದು ಮಗಳು ನಿಂಗಿಗೆ ಆಡಲು ಕೊಡುತ್ತಿದ್ದಳು.

ಒಂದು ದಿನ ನಿಂಗಿ ಮರದ ಬಾತುಕೋಳಿಯನ್ನು ನೀರಿಗೆ ಬಿಟ್ಟಳು. ನಿಜವಾದ ಬಾತುಕೋಳಿಯೊಂದು ಬಂದು ಅದರ ಪಕ್ಕದಲ್ಲೇ ಇಳಿಯಿತು. ಜೊಂಡಿನಲ್ಲಿ ಅಡಗಿದ್ದ ಮೊಸಳೆಯೊಂದು ಅದನ್ನು ನೋಡಿತು.

ಮರುದಿನ ಮಾಚವ್ವ ಕೊಡ ಮುಳುಗಿಸುವಾಗ ಮೊಸಳೆ ಅಲ್ಲೇ ತಲೆ ಎತ್ತಿತು. "ಮಾಚವ್ವಾ, ನನಗೂ ಅಂಥ ಹಕ್ಕಿ ಮಾಡಿಕೊಡು. ಕೆರೆ ತುಂಬ ಬೇಕು. ಇಲ್ಲದಿದ್ದರೆ... ನಿನ್ನ ಮಗಳೂ ನೀರಿಗೆ ಬರುತ್ತಾಳಲ್ಲ?"

ಮಾಚವ್ವ ಕೊಡವನ್ನು ಅಲ್ಲೇ ಬಿಟ್ಟಳು. ಮನೆಗೆ ಓಡಿ ಕೆತ್ತಲು ಕೂತಳು. ಹಕ್ಕಿಗಳು ನಿಜವಾದವೇ ಎನ್ನುವಷ್ಟು ಚೆಂದವಾದವು. ಅದಕ್ಕೇ ಅವಳಿಗೆ ಇನ್ನೂ ಭಯವಾಯಿತು.

ಸಂಜೆ ಅವನ್ನು ತೇಲಿಬಿಟ್ಟಳು. ಬಾತುಕೋಳಿಗಳು ಇಳಿದವು. ರೆಕ್ಕೆ ಬಡಿದ ಸದ್ದು. ಆಮೇಲೆ ಸದ್ದೇ ಇಲ್ಲ.

ಮರುದಿನವೂ ಇಳಿದವು. ರೆಕ್ಕೆ ಬಡಿದ ಸದ್ದು. ಆಮೇಲೆ ಸದ್ದೇ ಇಲ್ಲ. ಮರದ ಹಕ್ಕಿಗಳು ಮಾತ್ರ ಬಣ್ಣದ ಕಣ್ಣು ಬಿಟ್ಟುಕೊಂಡು ತೇಲುತ್ತಿದ್ದವು.

"ಅವ್ವಾ, ಹಕ್ಕಿಗಳೆಲ್ಲಾ ಎಲ್ಲಿ ಹೋದವು?" ಎಂದು ನಿಂಗಿ ಕೇಳಿದರೆ ಮಾಚವ್ವ ಎದ್ದು ಬಾಗಿಲು ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ತಾಯಿ ಬಾತುಕೋಳಿಯೊಂದು ಅವಳ ಹೊಸ್ತಿಲಿಗೆ ಬಂತು. "ಮಾಚವ್ವಾ, ನನ್ನ ಮಕ್ಕಳು ಈ ಕೆರೆಗೆ ಬಂದವು, ಮರಳಲೇ ಇಲ್ಲ. ನೀರಿನ ಮೇಲೆ ಕೂತವರನ್ನು ಹೋಗಿ ಕೇಳಲೇ?"

ಮಾಚವ್ವ ಕೆರೆಯ ಕಡೆ ನೋಡಿದಳು. ಜೊಂಡಿನ ನಡುವೆ ಎರಡು ಕಣ್ಣು ಅವಳ ಮೇಲೇ ನೆಟ್ಟಿದ್ದವು. ಹೇಳಿದರೆ ನಿಂಗಿಗೆ ಅಪಾಯ. ಹೇಳದಿದ್ದರೆ ಈ ತಾಯಿಗೆ.

ನಿಂಗಿಯನ್ನು ಸೊಂಟಕ್ಕೆ ಎತ್ತಿಕೊಂಡು ಕೂಗಿಬಿಟ್ಟಳು. "ಅವು ನಾನು ಮಾಡಿದ ಮರದ ಹಕ್ಕಿಗಳು ತಾಯೀ! ಮೇಲಿಂದಲೇ ಕೂಗಿ ಕೇಳು. ಉತ್ತರ ಕೊಡದವರ ಹತ್ತಿರ ಇಳಿಯಬೇಡ. ನಿನ್ನವರಿಗೆಲ್ಲ ಹೇಳು, ಹಾರು!"

ತಾಯಿ ಬಾತುಕೋಳಿ ಮೇಲಕ್ಕೆ ಹಾರಿತು. ನೀರು ಸಿಡಿಯಿತು. ಮಾಚವ್ವ ಓಡಿದಳು. ಸೆರಗಿನ ತುದಿ ಮೊಸಳೆಯ ಹಲ್ಲಿಗೆ ಸಿಕ್ಕಿ ಪರ್ರನೆ ಹರಿಯಿತು. ಗುಡ್ಡ ಹತ್ತಿದ ಮೇಲೇ ಅವಳು ಮಗಳನ್ನು ಇಳಿಸಿದ್ದು. ಆ ಕೆರೆಯ ಕಡೆ ಮತ್ತೆ ತಲೆ ಹಾಕಲಿಲ್ಲ. ಬಾತುಕೋಳಿ ಕೆತ್ತಲೂ ಇಲ್ಲ.

ಅದಕ್ಕೇ ಮಗೂ, ಇವತ್ತಿಗೂ ಬಾತುಕೋಳಿಗಳು ಕೆರೆ ಕಂಡೊಡನೆ ಇಳಿಯುವುದಿಲ್ಲ. ಸುತ್ತು ಹಾಕಿ, ಕ್ವಾಕ್ ಕ್ವಾಕ್ ಎಂದು ಕೂಗಿ, ಕೆಳಗಿನಿಂದ ಉತ್ತರ ಬಂದ ಮೇಲೆಯೇ ನೀರಿಗೆ ಕಾಲು ಚಾಚುತ್ತವೆ.