ಒಡಕುಗಡಿಗೆ ಮರಡಿ

ದುರ್ಗದ ಸೀಮೆಯಲ್ಲಿ ಬೇಸಿಗೆಯ ಹೊತ್ತು ಬಸ್ಸಿನ ಕಿಟಕಿಯಿಂದ ನೋಡಿದರೆ ಗುಡ್ಡಗಳೆಲ್ಲ ಬೋಳು ಬೋಳಾಗಿ ಕಾಣುತ್ತವೆ. ಕಮರನಹಳ್ಳಿಯ ತಿರುವು ದಾಟಿದ ಮೇಲೆ ಮಾತ್ರ ಒಂದು ಮರಡಿ ಹಸಿರಾಗಿ ಎದುರು ನಿಲ್ಲುತ್ತದೆ. ಹೊನ್ನೆ, ದಿಂಡಿಗ, ಕಮರ, ಮತ್ತಿ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ಮರಗಳು, ಅವುಗಳ ನಡುವೆ ಅವುಗಳದೇ ಬೀಜ ಬಿದ್ದು ಎದ್ದ ಮಕ್ಕಳು ಮೊಮ್ಮಕ್ಕಳು. ಇದಕ್ಕೆ ಒಡಕುಗಡಿಗೆ ಮರಡಿ ಎಂದು ಹೆಸರು. ಹಳೆಯ ಮರಗಳ ಬುಡ ಕೆದಕಿದರೆ ಗಡಿಗೆಯ ಚೂರುಗಳು ಸಿಗುತ್ತವೆ, ಅದರಿಂದಲೇ ಈ ಹೆಸರು ಎಂದು ಓದಿದವರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಊರಿನ ಹಿರಿಯರು ಇದನ್ನು ಒಪ್ಪುವುದಿಲ್ಲ. ಆ ಗಡಿಗೆಗಳನ್ನೆಲ್ಲ ಬಲಿತ ಬೇರುಗಳು ಸೀಳಿದವು. ಮರಡಿಗೆ ಹೆಸರು ತಂದದ್ದು ಮನುಷ್ಯನ ಕೈ ಒಡೆದ ಒಂದೇ ಒಂದು ಗಡಿಗೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಮರಡಿಯ ಪಕ್ಕದಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವಂತೆ. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಒಂದು ತಲೆಮಾರಿನೊಳಗೆ ಮರಡಿ ಬೋಳಾಯಿತು, ಬುಡದ ಬುಗ್ಗೆ ಬತ್ತಿತು, ಹೆಂಗಸರು ನೀರಿಗೆ ಹರದಾರಿ ನಡೆಯುವಂತಾಯಿತು. ಊರಿನವರು ಬುದ್ಧಿ ಕಲಿತು ಕುಂಬಾರನಿಂದ ಗಡಿಗೆ ಕೊಂಡು, ಅದರಲ್ಲಿ ಸಸಿ ಬೆಳೆಸಿ, ಗಡಿಗೆ ಸಮೇತ ಮೂರು ಬಾರಿ ನೆಟ್ಟರು. ಮೂರು ಬಾರಿಯೂ ಒಂದೇ ಕಥೆ. ಎರಡು ವರ್ಷ ನಳನಳಿಸುವ ಗಿಡ ಮೂರನೆಯ ಬೇಸಿಗೆಗೆ ನಿಂತ ನಿಲುವಿನಲ್ಲೇ ಒಣಗುತ್ತಿತ್ತು. ದೇವಿಯ ಮುನಿಸು ಎಂದ ಪೂಜಾರಿ. ಕುಂಬಾರನ ಕೈಗುಣ ಎಂದರು ಉಳಿದವರು. ಆ ಮಾತನ್ನು ಹೊತ್ತುಕೊಂಡೇ ಕುಂಬಾರ ತೀರಿಹೋದ. ಅವನ ಹೆಂಡತಿ ಕೆಂಚವ್ವ ಆಮೇಲೆ ತಿಗರಿಯ ಜೊತೆಗಲ್ಲದೆ ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ.

ಆಗ ಊರಿನ ಕಾವಲಿಗೆ ಓಬಯ್ಯನೆಂಬ ತಳವಾರನಿದ್ದ. ಅನುಮಾನ ಪಡುವುದೇ ಅವನ ಕಸುಬು. ಹೊಲಕ್ಕೆ ಹೋಗುವವನ ಬುತ್ತಿ ಗಂಟು ಎಂದಿಗಿಂತ ದಪ್ಪ ಕಂಡರೂ ಹಿಂದೆಯೇ ಹೋಗುತ್ತಿದ್ದ. ಅವನ ಹೆಂಡತಿ ಮಾಳವ್ವನಿಗೆ ಮೂರು ಬಸಿರು ನಿಂತು ಮೂರೂ ಹೋಗಿದ್ದವು. ಈಗ ನಾಲ್ಕನೆಯದಕ್ಕೆ ಏಳು ತಿಂಗಳು. ಎದುರು ಬಂದ ಬೆಕ್ಕು, ಮಾಡಿನ ಮೇಲೆ ಕೂತ ಗೂಬೆ, ಬಾಯಿಬಿಟ್ಟು ಹೊಗಳಿದ ನೆರೆಯವಳು, ಎಲ್ಲರ ಮೇಲೂ ಓಬಯ್ಯನಿಗೆ ಒಂದು ಕಣ್ಣು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. ಅವನನ್ನು ಹೆಚ್ಚು ದೂರುವಂತಿಲ್ಲ. ಮೂರು ಸಲ ಬರಿಗೈಯಲ್ಲಿ ಗುಂಡಿ ತೋಡಿದ ಅಪ್ಪ ಅವನು.

ಅಂಥ ಓಬಯ್ಯನ ಕಿವಿಗೆ, ಕೆಂಚವ್ವ ತಳವಿಲ್ಲದ ಗಡಿಗೆ ಸುಡುತ್ತಿದ್ದಾಳೆಂಬ ಸುದ್ದಿ ಬಿತ್ತು. ತೂತು ಬಿದ್ದ ಗಡಿಗೆಗೆ ಆ ಸೀಮೆಯಲ್ಲಿ ಇರುವುದು ಒಂದೇ ಕೆಲಸ. ಸತ್ತವರ ಸುತ್ತ ಗಡಿಗೆ ಹೊತ್ತು ಮೂರು ಸುತ್ತು ಬರುತ್ತಾರೆ, ಸುತ್ತಿಗೊಂದು ತೂತು ಹೊಡೆಯುತ್ತಾರೆ, ಕೊನೆಗೆ ಹಿಂದಕ್ಕೆ ಕೆಡವಿ ಒಡೆಯುತ್ತಾರೆ. ಬದುಕಿರುವವರ ಮನೆಯೊಳಗೆ ಅಂಥದ್ದನ್ನು ಯಾರೂ ಇಡುವುದಿಲ್ಲ. ಗೌಡನೂ ನೋಡಿಕೊಂಡು ಬಾ ಎಂದು ಕಳಿಸಿದ. ಕೆಂಚವ್ವನ ಹಿತ್ತಿಲಲ್ಲಿ ಮೊಣಕಾಲೆತ್ತರದ ಬಿದಿರಿನ ಅಟ್ಟಣಿಗೆ. ಅದರ ಮೇಲೆ ಸಾಲುಸಾಲಾಗಿ ಮೊಳದುದ್ದದ ತಳವಿಲ್ಲದ ಗಡಿಗೆಗಳು, ತುಂಬ ಕೆರೆಯ ಗೋಡುಮಣ್ಣು ಮತ್ತು ಕುರಿಗೊಬ್ಬರ, ಒಂದೊಂದರಲ್ಲೂ ಒಂದೊಂದು ಸಸಿ. ನೆಲ ಬಿಟ್ಟು ಗಾಳಿಯಲ್ಲಿ ಗಿಡ ಬೆಳೆಸುವುದನ್ನು ಓಬಯ್ಯ ಎಂದೂ ಕಂಡಿರಲಿಲ್ಲ.

“ಇವಕ್ಕೆ ತಳ ಯಾಕಿಲ್ಲ, ಕೆಂಚವ್ವ?” ಎಂದ.

“ತಳ ಇದ್ದಾಗ ಏನಾತು ಅಂತ ಊರೇ ನೋಡೈತಲ್ಲ,” ಎಂದು ಅವಳು ಮಣ್ಣು ತುಳಿಯಲು ಹೋದಳು.

ಇದು ಉತ್ತರವೋ ಬೆದರಿಕೆಯೋ ಓಬಯ್ಯನಿಗೆ ತಿಳಿಯಲಿಲ್ಲ. ಗಡಿಗೆಗಳನ್ನು ಎಣಿಸಿದ. ನೂರ ಅರವತ್ತಮೂರು. ದೇವಿಯ ಮೀಸಲಿಗೆ ತಲೆಗೊಂದು ಹಿಡಿ ರಾಗಿ ಎತ್ತುವವನು ಅವನೇ. ಊರಿನ ತಲೆಗಳು ಅವನಿಗೆ ಬಾಯಿಪಾಠ. ಕೆಂಚವ್ವನನ್ನೂ ಸೇರಿಸಿ ನೂರ ಅರವತ್ತೆರಡು. ಹಾಗಾದರೆ ಮಿಕ್ಕ ಒಂದು ಯಾರದು? ಸಾಲಿನ ಕೊನೆಯಲ್ಲಿ ಬೇರೆಯಾಗಿ ಕೂತಿದ್ದ ಒಂದು ಪುಟ್ಟ ಗಡಿಗೆ ಅವನ ಕಣ್ಣಿಗೆ ಬಿತ್ತು. ಗಂಡನನ್ನು ಕೊಂದ ಊರಿಗೆ ಈ ಮುದುಕಿ ತಲೆಗೊಂದರಂತೆ ಸಾವಿನ ಗಡಿಗೆ ಸುಟ್ಟಿದ್ದಾಳೆ, ಹುಟ್ಟದ ಕೂಸನ್ನೂ ಬಿಟ್ಟಿಲ್ಲ, ಎಂದು ಅವನಿಗೆ ಖಾತ್ರಿಯಾಯಿತು.

ಗೌಡನಿಗೆ ಅವನು ಹೇಳಲಿಲ್ಲ. ಹೇಳಿದರೆ ಪಂಚಾಯಿತಿ ಸೇರಬೇಕು, ಮಾತು ಬೆಳೆಯಬೇಕು. ಅಷ್ಟರಲ್ಲಿ ಮಾಳವ್ವನಿಗೆ ದಿನ ತುಂಬಿದರೆ? ಮರುದಿನ ಉರಿಬಿಸಿಲಿನಲ್ಲಿ ಕೆಂಚವ್ವ ಕೆರೆಗೆ ಮಣ್ಣಿಗೆ ಹೋದದ್ದನ್ನು ನೋಡಿಕೊಂಡು ಹಿತ್ತಿಲಿಗೆ ನುಗ್ಗಿ, ಆ ಪುಟ್ಟ ಗಡಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚೂರುಗಳ ನಡುವೆ ಬಿದ್ದ ಹೊನ್ನೆಯ ಸಸಿಯ ಬೇರು ನೂಲು ಹಿಡಿದಂತೆ ನೆಟ್ಟಗಿತ್ತು. ತುದಿ ಮೊಂಡಾಗಿ, ಸುತ್ತ ಹೊಸ ಬಿಳಿ ಬೇರುಗಳು ಒಡೆದಿದ್ದವು. ಅದನ್ನು ನೋಡುತ್ತಾ ನಿಂತವನಿಗೆ ಕೆಂಚವ್ವ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

ಅವಳು ಒಳಗಿನಿಂದ ಒಂದು ಹಳೆಯ ಒಣಗಿದ ಗಿಡ ತಂದು ಅವನ ಮುಂದೆ ಹಾಕಿದಳು. ಅದರ ಬೇರು ತಲೆಯ ಮೇಲಿನ ಸಿಂಬೆಯಂತೆ ಸುತ್ತಿಕೊಂಡು ತನ್ನನ್ನೇ ಬಿಗಿದುಕೊಂಡಿತ್ತು. ಗಂಡ ಸತ್ತ ವರ್ಷ ಸತ್ತ ಗಿಡಗಳನ್ನು ಒಂದೊಂದಾಗಿ ಕಿತ್ತು ನೋಡಿ, ತಳ ತಾಗಿದ ಬೇರು ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡದ್ದು ಕೆಳಗಿನ ನೀರಿಗೆ ಇಳಿಯುವುದಿಲ್ಲ ಎಂಬುದನ್ನು ಅವಳು ಕಂಡುಕೊಂಡಿದ್ದಳು. ತಳ ತೆಗೆದು ಮೇಲೆತ್ತಿಟ್ಟರೆ ಗಾಳಿ ತಾಗಿದ ಬೇರಿನ ತುದಿ ಅಲ್ಲೇ ನಿಂತು ನೆಲ ಕಾಯುತ್ತದೆ. ನೆಟ್ಟೊಡನೆ ನೆಟ್ಟಗೆ ಇಳಿಯುತ್ತದೆ.

“ಹಂಗಾದ್ರೆ ತಲೆಗೊಂದು ಯಾಕೆ?” ಎಂದ ಓಬಯ್ಯ. ಅವನ ಅನುಮಾನ ಇನ್ನೂ ಸತ್ತಿರಲಿಲ್ಲ.

“ಮೊದ್ಲು ನೆಟ್ಟವು ಊರಿನ ಗಿಡ. ಊರಿನವು ಅಂದ್ರೆ ಯಾರವೂ ಅಲ್ಲ. ಈ ಸಲ ಅವರವರ ಗಿಡ ಅವರವರೇ ಹೊತ್ಕಂಡು ಮರಡಿ ಹತ್ಲಿ ಅಂತ ಮಾಡ್ದೆ. ಇದು ನಿನ್ ಹೆಂಡ್ತಿ ಹೊಟ್ಟೇಲಿರೋದಕ್ಕೆ.” ಕೆಂಚವ್ವ ಚೂರುಗಳನ್ನು ನೋಡಿದಳು. “ನಾನು ಗಡಿಗೆ ಮಾಡ್ದೆ, ಓಬಯ್ಯ. ಒಡೆದೋನು ನೀನು.”

ಗಡಿಗೆ ಒಡೆಯುವುದು ಯಾವಾಗ, ಯಾರಿಗೆ ಎಂಬುದನ್ನು ಯಾರೂ ಓಬಯ್ಯನಿಗೆ ಹೇಳಿಕೊಡಬೇಕಾಗಿರಲಿಲ್ಲ. ತನ್ನ ಕೂಸಿನ ಹೆಸರಿನ ಗಡಿಗೆಯನ್ನು ತಾನೇ ಎತ್ತಿ ಕೆಡವಿದ್ದ.

ಸುತ್ತಿಕೊಂಡ ಆ ಬೇರನ್ನು ಗೌಡನಿಗೂ ತೋರಿಸಿ ಕೆಂಚವ್ವ ಒಪ್ಪಿಸಿದ ಮೇಲೆ, ಮುಂಗಾರಿನ ಮೊದಲ ಹದಕ್ಕೆ ಊರೆಲ್ಲ ತಲೆಗೊಂದು ಗಡಿಗೆ ಹೊತ್ತು ಮರಡಿ ಹತ್ತಿತು. ಬಾಣಂತಿಯರು ಮಕ್ಕಳದನ್ನೂ ಕಂಕುಳಲ್ಲಿ ಹಿಡಿದಿದ್ದರು. ದಿನ ತುಂಬಿದ ಮಾಳವ್ವ ತನ್ನದೊಂದನ್ನು ಇಟ್ಟು, ಹೊಟ್ಟೆಯೊಳಗಿನದು ಎಲ್ಲಿ ಎಂದು ಕೇಳಿದಳು. ಓಬಯ್ಯನೇ ಎಲ್ಲರ ಎದುರು ನಡೆದದ್ದನ್ನು ಹೇಳಿದ. ಸಸಿ ಆ ದಿನದ ಬಿಸಿಲಿಗೇ ಒಣಗಿಹೋಗಿತ್ತು. ಮಾಳವ್ವ ಗಂಡನನ್ನು ಬಯ್ಯದೆ ಇಳಿದು ಹೋಗಿ, ಕೆಂಚವ್ವನ ಹಿತ್ತಿಲಲ್ಲಿ ಬಿದ್ದಿದ್ದ ಚೂರುಗಳನ್ನು ಮಡಿಲಿಗೆ ತುಂಬಿಕೊಂಡು ಬಂದು ಕೂಸಿನ ಗಿಡಕ್ಕೆಂದು ತೋಡಿಟ್ಟ ಗುಂಡಿಗೆ ಸುರಿದಳು.

ಅವಳಿಗೆ ಹೆಣ್ಣು ಕೂಸು ಹುಟ್ಟಿತು, ಬದುಕಿತು. ಗಿಡಗಳೂ ಬದುಕಿದವು. ತನ್ನ ಗಿಡ ಒಣಗಿದರೆ ತಾನೂ ಒಣಗುವೆನೋ ಎಂಬ ಗುಮಾನಿ ಅಷ್ಟರಲ್ಲಿ ಊರನ್ನೆಲ್ಲ ಹಿಡಿದಿತ್ತು. ಮೂರು ಬೇಸಿಗೆಯೂ ಹರದಾರಿ ದೂರದಿಂದ ನೀರು ತಂದು ಹೊಯ್ದರು. ಭಕ್ತಿಯಿಂದ ತಂದರೋ ಭಯದಿಂದ ತಂದರೋ, ಗಿಡಕ್ಕೆ ನೀರು ನೀರೇ. ಓಬಯ್ಯ ಮಾತ್ರ ಎರಡು ಕೊಡ ಹೊರುತ್ತಿದ್ದ. ಒಂದು ತನ್ನ ಗಿಡಕ್ಕೆ, ಇನ್ನೊಂದು ಚೂರು ತುಂಬಿದ ಬರಿ ಗುಂಡಿಗೆ. ಮಗಳಿಗೆ ಮೈ ಬೆಚ್ಚಗಾದ ದಿನ ಮೂರು ಕೊಡವಂತೆ. ಅವಳು ಮದುವೆಯಾಗಿ, ಮಕ್ಕಳನ್ನು ಹೆತ್ತು, ತಲೆ ನೆರೆಯುವುದಕ್ಕೆ ಬಂದರೂ ಅವನು ನೀರು ಹೊಯ್ಯುವುದನ್ನು ಬಿಡಲಿಲ್ಲ ಎನ್ನುತ್ತಾರೆ.

ಇಂದಿಗೂ ಮರಡಿ ಹತ್ತಿದವರಿಗೆ ದಟ್ಟ ಮರಗಳ ನಡುವೆ ಹಾಸಿಗೆಯಗಲದ ಒಂದು ಬಯಲು ಕಾಣುತ್ತದೆ. ಅಲ್ಲಿ ಚೂರುಗಳು ಬಿಸಿಲಿಗೆ ಕೆಂಪಗೆ ಬಿದ್ದಿವೆ. ಕೆಲವು ವರ್ಷಗಳ ಕೆಳಗೆ ಅರಣ್ಯ ಇಲಾಖೆಯವರು ವನಮಹೋತ್ಸವಕ್ಕೆಂದು ಬಂದು, ಈ ಖಾಲಿ ಜಾಗದಲ್ಲಿ ಒಂದು ಸಸಿ ನೆಡೋಣವೆಂದು ಗುದ್ದಲಿ ಎತ್ತಿದರಂತೆ. ಓಬಯ್ಯನ ಮಗಳ ವಂಶದ ಮುದುಕಿಯೊಬ್ಬಳು ಅಡ್ಡ ನಿಂತಳು.

“ಇದು ಖಾಲಿ ಜಾಗ ಅಲ್ಲ ಸ್ವಾಮಿ,” ಎಂದಳು. “ನಮ್ಮಜ್ಜ ಅನುಮಾನ ಪಟ್ಟ ಜಾಗ.”

ಅವರು ಸಸಿಯನ್ನು ಹತ್ತು ಮಾರು ಆಚೆ ನೆಟ್ಟು ಇಳಿದು ಹೋದರು.