ನೀರುಗಂಟಿಯ ಕಡತ

“ಗುರುಗಳೇ, ಬಳಸಿದವರ ಅಭಿಪ್ರಾಯಗಳಲ್ಲಿ ಯಾವುದನ್ನು ನಂಬಬೇಕು?” ಎಂದು ಮೃತ್ಯುಂಜಯ ಕೇಳಿದ.

“ಏನನ್ನು ಬಳಸಿದವರು?”

“ಓದಿದ್ದು, ಕೇಳಿದ್ದು, ಹೊಳೆದದ್ದು ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಒಂದು ಆ್ಯಪ್ ಇದೆ. ಅದಿಲ್ಲದೆ ತನಗೆ ಬುದ್ಧಿಯೇ ಓಡುವುದಿಲ್ಲ ಎಂದು ಒಬ್ಬ ಬರೆದಿದ್ದಾನೆ. ಅದರೊಳಗೆ ಇಟ್ಟದ್ದು ಮತ್ತೆ ಕೈಗೆ ಸಿಗುವುದಿಲ್ಲ ಎಂದು ಇನ್ನೊಬ್ಬ ಬರೆದಿದ್ದಾನೆ. ಇಂಥ ಮುನ್ನೂರು ಓದಿದ್ದೇನೆ. ಸರಿಯಾದದ್ದು ಯಾವುದೆಂದು ಗೊತ್ತಾಗುವವರೆಗೆ ಒಂದಕ್ಷರವನ್ನೂ ಬರೆಯಬಾರದೆಂದು ತೀರ್ಮಾನಿಸಿದ್ದೇನೆ.”

“ಎಷ್ಟು ದಿನವಾಯಿತು?”

“ಎರಡು ತಿಂಗಳು.”

ಆ ಎರಡು ತಿಂಗಳೂ ಗುರುಗಳು ದಿನಾ ಬೆಳಗ್ಗೆ ಪಾಠ ಹೇಳಿದ್ದರು. ಅವರು ಅದನ್ನು ನೆನಪಿಸಲಿಲ್ಲ. ಕತೆ ಹೇಳಿದರು.

ಕಾಗದ ಇನ್ನೂ ಊರೂರಿಗೆ ಬಂದಿರದ ಕಾಲ. ಜನ ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯಬಹುದು. ಬೇಡವಾದದ್ದನ್ನು ಒರೆಸಬಹುದು.

ಒಬ್ಬ ಕಡತ ಮಾಡುವವನಿದ್ದ. ಯಾರೂ ಕೊರತೆ ಹೇಳಲಾಗದ ಒಂದು ಕಡತವನ್ನು ಮಾಡಿಯೇ ತೀರುತ್ತೇನೆಂದು ಅವನು ಹಟ ಹಿಡಿದಿದ್ದ. ಆದ್ದರಿಂದ ಒಂದು ನಿಯಮ ಮಾಡಿದ. ಕಡತ ಒಯ್ದವರು ವರ್ಷ ತುಂಬಿದ ಮೇಲೆ ಅದನ್ನು ಹಿಂದಕ್ಕೆ ತಂದು ಅಭಿಪ್ರಾಯ ಹೇಳಬೇಕು. ಹೇಳಿದವರಿಗೆ ತಿದ್ದಿದ ಹೊಸ ಕಡತ ಸಿಗುತ್ತಿತ್ತು.

ಜನ ತಪ್ಪದೆ ಬಂದರು. ಅವನ ಜಗಲಿಯ ಮೇಲೆ ಕುಳಿತು ಮಾತನಾಡಿದರು.

“ಬೇರು ಮೊದಲನೆಯ ಮಡಿಕೆಯಲ್ಲಿದೆ, ಅದು ಗುಣಪಡಿಸುವ ಕಾಯಿಲೆ ಹನ್ನೆರಡನೆಯದರಲ್ಲಿದೆ. ಅಲ್ಲಿಂದ ಇಲ್ಲಿಗೆ ಒಂದು ದಾರ ಇರಬೇಕಿತ್ತು” ಎಂದ ಒಬ್ಬ ವೈದ್ಯ.

“ಮಡಿಕೆಗಳೇ ಸಾಲವು. ಇನ್ನೂ ಇಪ್ಪತ್ತು ಬೇಕು” ಎಂದ ಒಬ್ಬ ಪುರಾಣಿಕ.

“ಇರೋ ಮಡಿಕೆ ಮುಗಿಯೋ ಹೊತ್ತಿಗೇ ನಾವು ಕೇಳೋರೆಲ್ಲ ನಿದ್ದೆ ಹೋಗಿರ್ತೀವಿ ಸ್ವಾಮಿ” ಎಂದ ಒಬ್ಬ ವ್ಯಾಪಾರಿ. ಅವನಿಗೆ ಬೇಕಾಗಿದ್ದದ್ದು ಅಗುಳಿ, ಪಕ್ಕದವನು ಇಣುಕುತ್ತಾನಂತೆ.

ಕಡತ ಮಾಡುವವನು ಯಾರ ಮಾತನ್ನೂ ತಳ್ಳಿಹಾಕಲಿಲ್ಲ. ದಾರ ಪೋಣಿಸಿದ. ಮಡಿಕೆ ಹೆಚ್ಚಿಸಿದ. ಅಗುಳಿ ಇಟ್ಟ. ಏಳನೆಯ ವರ್ಷಕ್ಕೆ ಕಡತವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಡಬೇಕಾಯಿತು. ಹಿಂದಕ್ಕೆ ಬಂದ ಹಳೆಯ ಕಡತಗಳನ್ನು ಅಟ್ಟದ ಮೇಲೆ ಒಟ್ಟುತ್ತಿದ್ದ. ಬಿಚ್ಚಿ ನೋಡಲು ಪುರುಸೊತ್ತಿರಲಿಲ್ಲ.

ಮೊದಲನೆಯ ವರ್ಷ ಕಡತ ಒಯ್ದವರಲ್ಲಿ ಒಬ್ಬ ಮಾತ್ರ ಒಮ್ಮೆಯೂ ಬರಲಿಲ್ಲ. ಅವನು ನೀರುಗಂಟಿ. ಕೆರೆಯನ್ನು ಕಾಯುವುದು, ತೂಬು ತೆಗೆದು ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಬಂದು ದೂರುವಷ್ಟು ಆಸೆಯನ್ನೂ ಉಳಿಸದಂಥ ದೋಷವನ್ನು ಅವನು ಕಂಡಿರಬೇಕು ಎಂದುಕೊಂಡ ಕಡತ ಮಾಡುವವನು. ಆ ದೋಷವನ್ನು ತಿಳಿಯದೆ ಬಿಡಬಾರದೆಂದು ಹೊಸ ಕಡತದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಎರಡು ದಿನ ನಡೆದ.

ಊರು ಮುಟ್ಟಿದಾಗ ಮಳೆ ನಿಂತಿತ್ತು. ಜನರೆಲ್ಲ ಕೆರೆ ಏರಿಯ ಮೇಲಿದ್ದರು. ಕೆರೆ ತುಂಬಿತ್ತು. ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಏರಿ ಒಡೆದರೆ ಕೆಳಗಿನ ಊರು ಉಳಿಯುವುದಿಲ್ಲ. ಕೋಡಿಯನ್ನು ಕಡಿದು ನೀರು ಹೊರಬಿಟ್ಟರೆ ಏರಿ ಉಳಿಯುತ್ತದೆ. ಆದರೆ ಕೋಡಿಯ ಕೆಳಗಿರುವ ಒಬ್ಬ ರೈತನ ಪೈರು ಕೊಚ್ಚಿಹೋಗುತ್ತದೆ.

“ನಾಳೆವರೆಗೆ ತಡೀರಿ ಗೌಡರೇ. ನಾಲ್ಕು ವರ್ಷದ ಹಿಂದೆ ಜಿನುಗಿದಾಗಲೂ ಮೂರು ದಿನ ಪೂರ್ತಿ ತಡೆದಿತ್ತು” ಎಂದ ರೈತ.

“ಎಲ್ಲಿ ತಡೀತು? ಅರ್ಧ ದಿನಾನೂ ತಡೀಲಿಲ್ಲ” ಎಂದ ಊರ ಗೌಡ.

ಅಲ್ಲಿದ್ದ ಅರ್ಧ ಜನ ಮೂರು ದಿನ ಎಂದರು. ಇನ್ನರ್ಧ ಜನ ಅರ್ಧ ದಿನ ಎಂದರು.

ನೀರುಗಂಟಿ ಏರಿಯ ಬುಡಕ್ಕಿಳಿದು ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದ. ಮೇಲೆ ಬಂದು ಸೊಂಟದಿಂದ ಒಂದು ಕಪ್ಪು ವಸ್ತುವನ್ನು ತೆಗೆದು ಬಿಚ್ಚಿದ. ಹುಡುಕಲಿಲ್ಲ. ಬೆರಳು ನೇರವಾಗಿ ಒಂದು ಮಡಿಕೆಗೆ ಹೋಯಿತು.

“ಮೂರು ದಿನ ತಿಳಿ ನೀರು ಜಿನುಗಿತು. ನಾಲ್ಕನೇ ದಿನ ಬೆಳಗ್ಗೆ ಕೆಂಪಾಯಿತು. ಮಧ್ಯಾಹ್ನ ಏರಿ ಕುಸಿಯಿತು” ಎಂದು ಓದಿದ. “ಈಗ ಕೆಂಪಾಗಿದೆ.”

“ಬರೆದವನು ನೀನೇ, ಓದುವವನೂ ನೀನೇ. ನಾನು ಹೇಗಪ್ಪಾ ನಂಬಲಿ?” ಎಂದ ರೈತ.

“ಅವತ್ತು ಕೆರೆ ಅರ್ಧ ಮಾತ್ರ ತುಂಬಿತ್ತು, ಊರು ಉಳೀತು. ಏರಿ ಕುಸಿದದ್ದು ನನ್ನ ಹೊಲದ ಮೇಲೆ ಅಣ್ಣಾ. ಆ ಕೆಸರಲ್ಲಿ ನಿಂತೇ ಬರೆದೆ. ಬೇರೆ ಎಷ್ಟೋ ಒರೆಸಿದೀನಿ. ಇದನ್ನ ಒರೆಸಿಲ್ಲ.”

“ಇನ್ನೊಂದು ಸಲ ಓದು.”

ನೀರುಗಂಟಿ ಇನ್ನೊಂದು ಸಲ ಓದಿದ. ರೈತ ಪಕ್ಕದವನ ಕೈಯಲ್ಲಿದ್ದ ಗುದ್ದಲಿಯನ್ನು ಕಿತ್ತುಕೊಂಡು ಕೋಡಿಯ ಕಡೆಗೆ ನಡೆದ. ಮೊದಲನೆಯ ಏಟು ಅವನದೇ. ಉಳಿದವರು ಅವನ ಹಿಂದೆ ಹೋದರು.

ಪೈರು ಹೋಯಿತು. ಏರಿ ನಿಂತಿತು. ಬರುವ ವರ್ಷದವರೆಗೆ ರೈತನ ಮನೆಗೆ ಊರೇ ಕಾಳು ಕೊಡಬೇಕೆಂದು ಅಲ್ಲಿಯೇ ತೀರ್ಮಾನವಾಯಿತು.

ಎಲ್ಲ ಮುಗಿದ ಮೇಲೆ ಕಡತ ಮಾಡುವವನು ನೀರುಗಂಟಿಯ ಹತ್ತಿರ ಹೋದ.

“ಅದನ್ನು ಮಾಡಿದವನು ನಾನು. ಏಳು ವರ್ಷ ಕಾದೆ. ನಿನ್ನ ಅಭಿಪ್ರಾಯ ಏನು?”

“ಯಾವುದರ ಬಗ್ಗೆ ಯಜಮಾನ್ರೇ?”

“ಕಡತದ ಬಗ್ಗೆ.”

ನೀರುಗಂಟಿ ಕೈಯಲ್ಲಿದ್ದದ್ದನ್ನು ಆಗ ತಾನೇ ಕಂಡವನಂತೆ ತಿರುಗಿಸಿ ನೋಡಿದ. ನಾಲ್ಕು ಮಡಿಕೆಗಳು ಹರಿದು ಗೋಣಿದಾರದ ಹೊಲಿಗೆ ಬಿದ್ದಿತ್ತು. ಕಪ್ಪು ಹೋದ ಕಡೆಯಲ್ಲೆಲ್ಲ ಅವನೇ ಅಂಟು ಕಾಸಿ ಬಳಿದಿದ್ದ.

“ಬರಬೇಕು ಅಂತಾನೇ ಇದ್ದೆ. ದಿನಾ ಬೆಳಗ್ಗೆ ನೀರು ನೋಡಿ ಬರೀಬೇಕಲ್ಲ, ಬಿಟ್ಟು ಬರೋಕಾಗಲಿಲ್ಲ. ತಪ್ಪು ತಿಳೀಬೇಡಿ.”

ಕಡತ ಮಾಡುವವನು ಪೆಟ್ಟಿಗೆಯನ್ನು ಮುಂದಿಟ್ಟ. ನೀರುಗಂಟಿ ಅದನ್ನು ಎತ್ತಿ ನೋಡಿ ಕೆಳಗಿಟ್ಟ.

“ಚೆನ್ನಾಗಿದೆ. ಆದರೆ ಇದನ್ನ ಹೊತ್ತುಕೊಂಡು ನನ್ನ ಹಿಂದೆ ತಿರುಗೋಕೆ ಇನ್ನೊಬ್ಬ ನೀರುಗಂಟೀನ ಇಡಬೇಕಾಗುತ್ತೆ.”

ಕಡತ ಮಾಡುವವನು ನಗಲಿಲ್ಲ. ಹರಿದ ನಾಲ್ಕು ಕಡೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ನೆನಪಿಟ್ಟುಕೊಂಡು ಮನೆಗೆ ಹಿಂದಿರುಗಿದ. ಅಟ್ಟ ಹತ್ತಿ ಹಳೆಯ ಕಡತಗಳನ್ನು ಒಂದೊಂದಾಗಿ ಬಿಚ್ಚಿದ. ವೈದ್ಯನದರಲ್ಲಿ ಎರಡು ಮಡಿಕೆಗಳಷ್ಟು ಬರಹವಿತ್ತು. ಪುರಾಣಿಕನದರಲ್ಲಿ ಒಂದೂವರೆ. ವ್ಯಾಪಾರಿಯದರಲ್ಲಿ ಅವನ ಹೆಸರು ಮಾತ್ರ ಇತ್ತು. ಉಳಿದ ಮಡಿಕೆಗಳೆಲ್ಲ ಅವನು ಒಣಗಿಸಿ ಮಡಿಸಿದ ದಿನದಷ್ಟೇ ಕಪ್ಪಾಗಿ, ಬಿರುಸಾಗಿ ಇದ್ದವು.

ಮರುದಿನದಿಂದ ಅವನು ಪೆಟ್ಟಿಗೆ ಮಾಡುವುದನ್ನು ಬಿಟ್ಟ. ಹಳೆಯ ಅಳತೆಯ ಕಡತವನ್ನೇ ಮಾಡಿದ; ನಾಲ್ಕು ಕಡೆ ಮಾತ್ರ ಬಟ್ಟೆಯನ್ನು ಎರಡು ಪದರ ಹಾಕಿದ. ಅಭಿಪ್ರಾಯ ಹೇಳುವವರು ಆಮೇಲೂ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅವನು ಕೈ ಚಾಚಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. ಬಹಳ ಜನ ಉತ್ತರಿಸದೆ ಎದ್ದು ಹೋದರು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಏನು ಕೇಳುತ್ತಿದ್ದ?” ಎಂದ ಮೃತ್ಯುಂಜಯ.

ಗುರುಗಳು ಕೈ ಚಾಚಿದರು.

“ನಿನ್ನದು ಎಲ್ಲಿ ಹರಿದಿದೆ, ತೋರಿಸು.”